ಮೃಗಾಲಯ ಮುಚ್ಚಿದರೆ ಆನೆ ಎಲ್ಲಿಗೆ ಹೋಗಬೇಕು? ಜಪಾನಿನ ಇತೋಜು ಕಥೆ

2025ರ ಜುಲೈನಲ್ಲಿ ಬನ್ನೇರುಘಟ್ಟದ ನಾಲ್ಕು ಆನೆಗಳು ವಿಮಾನದಲ್ಲಿ ಜಪಾನಿಗೆ ಹೋದವು. ಸುರೇಶ, ಗೌರಿ, ಶ್ರುತಿ, ತುಳಸಿ. ನಾಲ್ವರಲ್ಲಿ ಚಿಕ್ಕವಳು ತುಳಸಿ. ಅವಳಿಗೆ ಆಗ ಬರೀ 5 ವರ್ಷ. ಹೋಗಿದ್ದು ಹ್ಯೋಗೊ ಪ್ರಾಂತ್ಯದ ಹಿಮೇಜಿ ಸೆಂಟ್ರಲ್ ಪಾರ್ಕ್ ಎಂಬ ಸಫಾರಿ ಪಾರ್ಕಿಗೆ. ಬದಲಿಗೆ ಅಲ್ಲಿಂದ ಚೀತಾ, ಜಾಗ್ವಾರ್, ಪ್ಯೂಮಾ, ಚಿಂಪಾಂಜಿಗಳು ಬನ್ನೇರುಘಟ್ಟಕ್ಕೆ ಬರಬೇಕೆಂದು ಒಪ್ಪಂದವಾಗಿತ್ತು. ಇದಕ್ಕೆ ಮುಂಚೆ, 2021ರಲ್ಲಿ ಮೈಸೂರು ಮೃಗಾಲಯದಿಂದ ಮೂರು ಆನೆಗಳು ಜಪಾನಿನ ತೊಯೊಹಾಶಿ ಮೃಗಾಲಯಕ್ಕೆ ಹೋಗಿದ್ದವು.

ಆಗ ಎಷ್ಟೋ ಜನಕ್ಕೆ ಸಂಕಟವಾಯಿತು. ಅಷ್ಟು ದೂರ ಯಾಕೆ ಕಳಿಸಬೇಕು, ಚಳಿ ತಡೀತಾವಾ, ಚೆನ್ನಾಗಿ ನೋಡ್ಕೊಳ್ತಾರಾ ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಗಳೇ. ಆದರೆ ನನ್ನನ್ನು ಕಾಡಿದ್ದು ಇನ್ನೊಂದು ಪ್ರಶ್ನೆ. ಆನೆಯ ಆಯಸ್ಸು ಅರವತ್ತು ಎಪ್ಪತ್ತು ವರ್ಷ. ಅದನ್ನು ಕರೆಸಿಕೊಂಡ ಪಾರ್ಕು ಅಷ್ಟು ವರ್ಷ ಇರುತ್ತಾ? ಇಲ್ಲದಿದ್ದರೆ ಏನು ಗತಿ?

ಜಪಾನಿನಲ್ಲಿ ಈ ಪ್ರಶ್ನೆ ಬರೀ ಊಹೆಯಲ್ಲ. ಅಲ್ಲಿ ಸಣ್ಣ ಊರುಗಳ ಮೃಗಾಲಯಗಳು ಒಂದಾದ ಮೇಲೊಂದು ಮುಚ್ಚಿವೆ. ಅವುಗಳಲ್ಲಿ ಒಂದರ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅದು ಕ್ಯೂಶೂ ದ್ವೀಪದ ಉತ್ತರ ತುದಿಯಲ್ಲಿರುವ ಕಿತಾಕ್ಯೂಶೂ ನಗರದ ಇತೋಜು.

ಈ ಮೃಗಾಲಯವನ್ನು ಕಟ್ಟಿದ್ದು ಸರ್ಕಾರ ಅಲ್ಲ, ರಾಜಮನೆತನವೂ ಅಲ್ಲ. ಒಂದು ಟ್ರಾಮ್ ಕಂಪನಿ. ಮಹಾರಾಜರು ಕಟ್ಟಿದ ಮೈಸೂರು ಮೃಗಾಲಯವನ್ನು ನೋಡಿ ಬೆಳೆದ ನಮಗೆ ಇದು ವಿಚಿತ್ರ ಅನಿಸಬಹುದು. ಜಪಾನಿನಲ್ಲಿ ಆ ಕಾಲಕ್ಕೆ ಇದು ಮಾಮೂಲಿ ವ್ಯವಹಾರ. ಬೆಳಿಗ್ಗೆ ರೈಲು ತುಂಬಿಕೊಂಡು ಪಟ್ಟಣದ ಕಡೆ ಹೋಗುತ್ತದೆ. ವಾಪಸ್ ಬರುವಾಗ ಖಾಲಿ. ರಜಾ ದಿನ ಎರಡೂ ಕಡೆ ಖಾಲಿ. ಆ ಖಾಲಿ ಸೀಟು ತುಂಬಿಸುವುದು ಹೇಗೆ? ಊರಾಚೆ ಹಳಿ ಪಕ್ಕದಲ್ಲಿ ಒಂದು ಪಾರ್ಕು ಮಾಡಿ, ನಾಲ್ಕು ಪ್ರಾಣಿ ತಂದು ಇಡಿ. ಮಕ್ಕಳು ಹಠ ಮಾಡುತ್ತವೆ, ಅಪ್ಪ ಅಮ್ಮ ಟಿಕೆಟ್ ತೆಗೆಯುತ್ತಾರೆ. ಒಸಾಕಾ ಕಡೆ ಕೊಬಾಯಾಶಿ ಇಚಿಜೊ ಎಂಬ ಉದ್ಯಮಿ ಈ ಲೆಕ್ಕವನ್ನು ಮೊದಲೇ ಹಾಕಿದ್ದರು. ಅವರ ರೈಲು ಕಂಪನಿ 1910ರಲ್ಲಿ ಮಿನೊ ಎಂಬಲ್ಲಿ ಮೃಗಾಲಯ ತೆರೆಯಿತು. 1916ರಲ್ಲೇ ಮುಚ್ಚಿತು. ಪ್ರಾಣಿ ಸಾಕುವ ಖರ್ಚು ಟಿಕೆಟ್ಟಿನ ಹಣಕ್ಕೆ ಹೊಂದಲಿಲ್ಲ. ಅಂದರೆ ಜಪಾನಿನ ರೈಲು ಕಂಪನಿಗಳ ಮೃಗಾಲಯದ ಕಥೆ ಶುರುವಾದ ಆರೇ ವರ್ಷಕ್ಕೆ ಅದರ ಕೊನೆ ಹೇಗಿರುತ್ತೆ ಅನ್ನುವುದೂ ಕಂಡಿತ್ತು.

ಇತೋಜು ಯೂಎನ್ ಬಾಗಿಲು ತೆರೆದದ್ದು 1932ರಲ್ಲಿ. ಯೂಎನ್ ಅಂದರೆ ಆಟದ ತೋಟ. ಆಗ ಕಿತಾಕ್ಯೂಶೂ ಅನ್ನುವ ಊರೇ ಇರಲಿಲ್ಲ. ಮೊಜಿ, ಕೊಕುರಾ, ತೊಬಾತಾ, ಯಾಹಾತಾ, ವಾಕಾಮಾತ್ಸು ಎಂಬ ಐದು ಊರುಗಳು ಅಕ್ಕಪಕ್ಕ ಇದ್ದವು. 1963ರಲ್ಲಿ ಐದೂ ಸೇರಿ ಒಂದು ನಗರವಾಯಿತು. ಇವುಗಳಲ್ಲಿ ಯಾಹಾತಾಗೆ ದೇಶದಲ್ಲೇ ಹೆಸರಿತ್ತು, 1901ರಲ್ಲಿ ಶುರುವಾದ ಸರ್ಕಾರಿ ಉಕ್ಕಿನ ಕಾರ್ಖಾನೆಯಿಂದ. ನಮ್ಮಲ್ಲಿ ಭದ್ರಾವತಿ ಬಲ್ಲವರಿಗೆ ಇಂಥ ಊರಿನ ಬದುಕನ್ನು ಬಿಡಿಸಿ ಹೇಳಬೇಕಿಲ್ಲ. ಪಾಳಿ ಕೆಲಸ, ಹೊಗೆ, ಸೈರನ್ನು, ವಾರಕ್ಕೊಂದು ರಜೆ. ಆ ರಜೆ ದಿನ ಮಕ್ಕಳನ್ನು ಕರೆದುಕೊಂಡು ಹೋಗಲು ಟ್ರಾಮ್ ದಾರಿಯಲ್ಲೇ ಮರ ತುಂಬಿದ ಒಂದು ಗುಡ್ಡ, ಅದರಲ್ಲಿ ಪ್ರಾಣಿಗಳು.

ಇತೋಜುವಿಗೆ ಇನ್ನೊಂದು ವಿಶೇಷವಿತ್ತು. ಮುಂದೆ ಅದನ್ನು ಉಳಿಸಿದ್ದರಲ್ಲಿ ಇದರ ಪಾಲು ದೊಡ್ಡದು ಅಂತ ನಾನು ನಂಬುತ್ತೇನೆ. 1937ರಿಂದ ಅಲ್ಲಿ ಪ್ರತಿ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ‘ರಿನ್‌ಕಾನ್ ಗಾಕುಎನ್’ ನಡೆಯುತ್ತಿತ್ತು. ಕಾಡಿನ ಶಾಲೆ ಅನ್ನಬಹುದು. ಮಕ್ಕಳಿಗೆ ಕಥೆ ಹೇಳುವುದರಲ್ಲಿ ಇಡೀ ಜಪಾನಿನಲ್ಲಿ ಹೆಸರಾಗಿದ್ದ ಕುರುಶಿಮಾ ತಾಕೆಹಿಕೊ ಇದರ ಬೆನ್ನಿಗೆ ನಿಂತಿದ್ದರು. ಮರದ ಕೆಳಗೆ ಕಥೆ, ಹಾಡು, ಆಟ. ಪಕ್ಕದಲ್ಲೇ ಪ್ರಾಣಿಗಳು. ಅಜ್ಜ ಹೋಗಿದ್ದ ಬೇಸಿಗೆ ಶಾಲೆಗೆ ಮೊಮ್ಮಗನೂ ಹೋಗುವಷ್ಟು ಕಾಲ ಇದು ನಡೆಯಿತು. ಟಿಕೆಟ್ ಮಾರಲು ಮಾಡಿದ ಪಾರ್ಕು ಹೀಗೆ ಊರಿನ ಮನೆಮನೆಯ ನೆನಪಾಯಿತು.

ಇಲ್ಲಿ ಯುದ್ಧಕಾಲದ ಮಾತು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ನಮ್ಮ ಮೈಸೂರಿನ ಹೆಸರು ಈ ಕಥೆಗೆ ಸೇರುವುದೂ ಅಲ್ಲಿಯೇ.

1943ರಲ್ಲಿ ಟೋಕಿಯೊದ ಉಎನೊ ಮೃಗಾಲಯದಲ್ಲಿ ದೊಡ್ಡ ಪ್ರಾಣಿಗಳನ್ನೆಲ್ಲ ಕೊಲ್ಲಲು ಆಜ್ಞೆ ಬಂತು. ಬಾಂಬ್ ಬಿದ್ದು ಬೋನು ಮುರಿದರೆ ಅವು ಊರಿಗೆ ನುಗ್ಗುತ್ತವೆ ಎಂಬ ಕಾರಣ ಕೊಟ್ಟರು. ಅಲ್ಲಿದ್ದ ಮೂರು ಆನೆಗಳನ್ನು ಮೇವು ನೀರು ಕೊಡದೆ ಸಾಯಿಸಿದರು. ಜಾನ್ ಎಂಬ ಆನೆ ಆಗಸ್ಟ್‌ನಲ್ಲಿ ಸತ್ತಿತು. ಉಳಿದೆರಡು ಸೆಪ್ಟೆಂಬರ್‌ವರೆಗೆ ಜೀವ ಹಿಡಿದಿದ್ದವು. ಯುದ್ಧ ಮುಗಿದ ಮೇಲೆ ಟೋಕಿಯೊದ ಮಕ್ಕಳು ಆನೆ ಬೇಕು ಅಂತ ಕೇಳತೊಡಗಿದರು. ಆ ಮಕ್ಕಳ ಕಾಗದಗಳು ನೆಹರೂ ಅವರ ಕೈ ಸೇರಿದವು. ಅವರು ಮೈಸೂರು ಸೀಮೆಯ ಒಂದು ಹೆಣ್ಣಾನೆಯನ್ನು ಕಳಿಸಿ, ಅದಕ್ಕೆ ಮಗಳ ಹೆಸರನ್ನೇ ಇಟ್ಟರು: ಇಂದಿರಾ.

1949ರ ಸೆಪ್ಟೆಂಬರ್ 25ರಂದು ಇಂದಿರಾ ಉಎನೊ ಸೇರಿದಳು. ಬಂದರಿನಿಂದ ಮೃಗಾಲಯಕ್ಕೆ ರಾತ್ರಿ ಹೊತ್ತು ರಸ್ತೆಯಲ್ಲಿ ನಡೆದೇ ಬಂದಳು. ಬಂದ ಮೇಲೆ ಒಂದು ತೊಡಕಾಯಿತು. ಅವಳಿಗೆ ಅರ್ಥವಾಗುತ್ತಿದ್ದದ್ದು ಕನ್ನಡ ಮಾತ್ರ. ಜಪಾನೀ ಭಾಷೆಯಲ್ಲಿ ಏನು ಹೇಳಿದರೂ ಅವಳು ಸುಮ್ನೆ ನಿಂತಿರುತ್ತಿದ್ದಳು. ಕೊನೆಗೆ ಅಲ್ಲಿನ ಪಾಲಕರೇ ನಮ್ಮ ಮಾವುತರ ಪಕ್ಕ ನಿಂತು ಕನ್ನಡದ ಮಾತು ಕಲಿತರು. ಅದಕ್ಕೆ ಸುಮಾರು ಎರಡು ತಿಂಗಳು ಹಿಡಿಯಿತು. ಸುಟ್ಟು ಬೂದಿಯಾಗಿ ಆಗಷ್ಟೇ ಎದ್ದು ನಿಲ್ಲುತ್ತಿದ್ದ ಟೋಕಿಯೊ ನಗರದ ಒಬ್ಬ ಮನುಷ್ಯ, ಆನೆಯೊಂದರ ಮುಂದೆ ನಿಂತು ಒಂದೊಂದೇ ಕನ್ನಡ ಪದ ಉರು ಹೊಡೆಯುತ್ತಿರುವುದನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಮರುವರ್ಷ, 1950ರಲ್ಲಿ, ಉಎನೊ ಮೃಗಾಲಯ ಇಂದಿರಾಳನ್ನೂ ಇನ್ನಷ್ಟು ಪ್ರಾಣಿಗಳನ್ನೂ ಕರೆದುಕೊಂಡು ‘ಸಂಚಾರಿ ಮೃಗಾಲಯ’ ಮಾಡಿತು. ತಿಂಗಳುಗಟ್ಟಲೆ ಊರೂರು ಸುತ್ತಿ ಉತ್ತರದ ಹೊಕ್ಕೈಡೊವರೆಗೂ ಹೋಯಿತು. ಹೋದಲ್ಲೆಲ್ಲ ಜನಸಾಗರ. ಇಂದಿರಾ ಹೊರಟು ಹೋದ ಮೇಲೆ ಊರಿನವರಿಗೆ ಒಂದೇ ಆಸೆ. ನಮಗೂ ಒಂದು ಮೃಗಾಲಯ ಬೇಕು, ನಮಗೂ ಒಂದು ಆನೆ ಬೇಕು. ಸಪ್ಪೊರೊದ ಮಾರುಯಾಮಾ ಮೃಗಾಲಯ 1951ರಲ್ಲಿ ಹುಟ್ಟಿದ್ದು ಹೀಗೆಯೇ. ಜಪಾನಿನ ಊರೂರಲ್ಲಿ ಇಷ್ಟೊಂದು ಮೃಗಾಲಯ ಯಾಕೆ ಅಂತ ಕೇಳಿದರೆ ಉತ್ತರದಲ್ಲಿ ನಮ್ಮ ಕಾಡಿನ ಈ ಹೆಣ್ಣಾನೆಯ ಪಾಲೂ ಇದೆ. ಅವಳು 1983ರ ಆಗಸ್ಟ್‌ನಲ್ಲಿ ಉಎನೊದಲ್ಲೇ ತೀರಿಕೊಂಡಳು.

1950, 60ರ ದಶಕದ ಮೃಗಾಲಯಗಳ ಉತ್ಸಾಹ ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದಕ್ಕೆ ಹನ್‌ಶಿನ್ ಪಾರ್ಕ್ ಸಾಕ್ಷಿ. ಇದೂ ರೈಲು ಕಂಪನಿಯದೇ. ಬೇಸ್‌ಬಾಲ್‌ಗೆ ಹೆಸರಾದ ಕೋಶಿಯೆನ್ ಮೈದಾನದ ಹತ್ತಿರ, ಈಗ ನಮ್ಮ ಆನೆಗಳಿರುವ ಹ್ಯೋಗೊ ಪ್ರಾಂತ್ಯದಲ್ಲೇ ಇತ್ತು. ಅಲ್ಲಿ ಗಂಡು ಚಿರತೆಯನ್ನೂ ಹೆಣ್ಣು ಸಿಂಹವನ್ನೂ ಒಟ್ಟಿಗೆ ಬೆಳೆಸಿ, 1959ರಲ್ಲಿ ಎರಡು, 1961ರಲ್ಲಿ ಮೂರು ಮರಿ ಹುಟ್ಟಿಸಿದರು. ‘ಲೆಪಾನ್’ ಅಂತ ಕರೆದರು. ಮೈಮೇಲೆ ಚಿರತೆಯ ಚುಕ್ಕೆ, ಮೈಕಟ್ಟು ಸಿಂಹದ್ದು. ನೋಡಲು ಜನ ಮುಗಿಬಿದ್ದರು. ಆ ಪ್ರಾಣಿಗಳಿಗೆ ಮರಿ ಆಗಲಿಲ್ಲ. ಕಾಡಿನಲ್ಲಿ ಅವುಗಳಿಗೆ ಜಾಗವೂ ಇಲ್ಲ, ಜೊತೆಯೂ ಇಲ್ಲ. ಕೊನೆಯದು 1985ರಲ್ಲಿ ಸತ್ತಿತು. ಜನ ಸೇರಿಸುವುದೇ ಗುರಿಯಾದರೆ ಎಲ್ಲಿವರೆಗೆ ಹೋಗುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಬೇಸರದ ಉದಾಹರಣೆ ನನಗೆ ಗೊತ್ತಿಲ್ಲ.

ಆಮೇಲೆ ಜನ ಕಡಿಮೆಯಾಗುತ್ತಾ ಬಂದರು. ಕಾರಣಗಳು ಹಲವು. ಅವು ಒಂದರ ಜೊತೆ ಒಂದು ಹೆಣೆದುಕೊಂಡಿವೆ.

ಮೊದಲನೆಯದು ಕಾರು. ಮನೆಗೊಂದು ಕಾರು ಬಂದ ಮೇಲೆ ರೈಲಿನ ಸೀಟು ತುಂಬಿಸಲು ಮೃಗಾಲಯ ಬೇಕಾಗಲಿಲ್ಲ. ಇತೋಜು ಕಥೆಯಲ್ಲಿ ಇದು ಕಣ್ಣಿಗೆ ಕಟ್ಟುವ ಹಾಗಿದೆ. ಆ ಪಾರ್ಕನ್ನು ಹುಟ್ಟಿಸಿದ್ದೇ ಟ್ರಾಮ್. ಯುದ್ಧದ ಹೊತ್ತಿಗೆ ಆ ಟ್ರಾಮ್ ಕಂಪನಿ ಬೇರೆ ಕಂಪನಿಗಳನ್ನೂ ಸೇರಿಸಿಕೊಂಡು ನಿಶಿತೆತ್ಸು ಎಂಬ ದೊಡ್ಡ ರೈಲು ಕಂಪನಿಯಾಗಿತ್ತು. 1992ರಲ್ಲಿ ನಿಶಿತೆತ್ಸು ಕೊಕುರಾದಿಂದ ಯಾಹಾತಾ ಕಡೆಗೆ ಹೋಗುವ ಟ್ರಾಮ್ ನಿಲ್ಲಿಸಿತು. ಹಳಿಗಾಗಿ ಕಟ್ಟಿದ ಪಾರ್ಕು ಉಳಿದಿತ್ತು, ಹಳಿಯೇ ಇರಲಿಲ್ಲ. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಇತೋಜು ಇರಬೇಕಾದ ಕಾರಣವೇ ಹೋಯಿತು.

ಎರಡನೆಯದು ಪೈಪೋಟಿ. 1983ರಲ್ಲಿ ಟೋಕಿಯೊ ಡಿಸ್ನಿಲ್ಯಾಂಡ್ ಬಂತು. 1990ರಲ್ಲಿ ಕಿತಾಕ್ಯೂಶೂವಿನಲ್ಲೇ, ಉಕ್ಕಿನ ಕಾರ್ಖಾನೆಯ ಹಳೇ ಜಾಗದಲ್ಲಿ, ಸ್ಪೇಸ್ ವರ್ಲ್ಡ್ ಎಂಬ ಥೀಮ್ ಪಾರ್ಕ್ ತೆರೆಯಿತು. ಅದೂ 2017ರ ಕೊನೆಗೆ ಮುಚ್ಚಿತು ಅನ್ನುವುದು ಬೇರೆ ಮಾತು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮಕ್ಕಳೇ ಕಡಿಮೆಯಾದರು. 1973ರಲ್ಲಿ ಜಪಾನಿನಲ್ಲಿ ಸುಮಾರು 20 ಲಕ್ಷದ 90 ಸಾವಿರ ಮಕ್ಕಳು ಹುಟ್ಟಿದ್ದರು. 2024ರಲ್ಲಿ 7 ಲಕ್ಷವೂ ಇಲ್ಲ. ಅಂದರೆ ಮೂರರಲ್ಲಿ ಒಂದು ಪಾಲು. ಇಂಥ ದೇಶದಲ್ಲಿ ಮಕ್ಕಳನ್ನೇ ನಂಬಿದ ವ್ಯಾಪಾರ ಹೇಗೆ ನಡೆಯಬೇಕು?

1998ರಲ್ಲಿ ನಿಶಿತೆತ್ಸು ಇತೋಜುವಿನಿಂದ ಹಿಂದೆ ಸರಿಯುವುದಾಗಿ ಹೇಳಿತು. 2000ದ ಮೇ ಕೊನೆಯಲ್ಲಿ ಬಾಗಿಲು ಹಾಕಿತು. ಇತೋಜು ಒಂದೇ ಅಲ್ಲ. ಟೋಕಿಯೊ ಹತ್ತಿರದ ಮುಕೋಗಾವೊಕಾ ಯೂಎನ್ 2002ರಲ್ಲಿ, ಹನ್‌ಶಿನ್ ಪಾರ್ಕ್ ಮತ್ತು ಪ್ರಾಣಿಗಳೂ ಇದ್ದ ತಕರಾಜುಕಾ ಫ್ಯಾಮಿಲಿಲ್ಯಾಂಡ್ 2003ರಲ್ಲಿ, ನಾರಾ ಪ್ರಾಂತ್ಯದ ಆಯಾಮೆಇಕೆ 2004ರಲ್ಲಿ ಮುಚ್ಚಿದವು. ಎಲ್ಲವೂ ರೈಲು ಕಂಪನಿಗಳು ಕಟ್ಟಿದ ಪಾರ್ಕುಗಳೇ. ಹನ್‌ಶಿನ್ ಪಾರ್ಕ್ ಇದ್ದಲ್ಲಿ ಈಗ ಒಂದು ಮಾಲ್ ಇದೆ.

ಅಂಗಡಿ ಮುಚ್ಚಿದರೆ ಉಳಿದ ಸಾಮಾನನ್ನು ಅರ್ಧ ಬೆಲೆಗೆ ಮಾರಬಹುದು. ರೋಲರ್ ಕೋಸ್ಟರ್ ಬಿಚ್ಚಿ ಗುಜರಿಗೆ ಹಾಕಬಹುದು. ಮೃಗಾಲಯದಲ್ಲಿ ಹಾಗಾಗಲ್ಲ ಅಲ್ವಾ? ಕೊನೆಯ ಟಿಕೆಟ್ ಹರಿದ ಮರುದಿನ ಬೆಳಿಗ್ಗೆಯೂ ಆನೆ ಎದ್ದು ಮೇವಿಗೆ ಕಾಯುತ್ತದೆ. ಅದಕ್ಕೆ ದಿನಕ್ಕೆ ಸುಮಾರು 100 ಕೆ.ಜಿ. ಮೇವು ಬೇಕು. ಲದ್ದಿ ಬಾಚಬೇಕು, ಕಾಲಿನ ಉಗುರು ನೋಡಬೇಕು, ಮೈ ತೊಳೆಯಬೇಕು. ಆದಾಯ ಒಂದೇ ದಿನಕ್ಕೆ ಸೊನ್ನೆಯಾಗುತ್ತದೆ, ಖರ್ಚು ಒಂದು ಪೈಸೆಯೂ ಇಳಿಯುವುದಿಲ್ಲ. ಬೇರೆ ಮೃಗಾಲಯಕ್ಕೆ ಕೊಡೋಣವೆಂದರೆ ವಯಸ್ಸಾದ ಪ್ರಾಣಿ ಯಾರಿಗೂ ಬೇಡ. ಮರಿ ಕೇಳುತ್ತಾರೆ, ಅಪರೂಪದ ಜಾತಿ ಕೇಳುತ್ತಾರೆ. ಹಲ್ಲು ಸವೆದ ಕೋತಿಯನ್ನು ಕೇಳುವವರು ಯಾರು? ಜಾಗ ಬದಲಾದ ಗಾಬರಿಯೇ ಮುದಿ ಪ್ರಾಣಿಯ ಜೀವ ತೆಗೆಯಬಹುದು.

ಇದಕ್ಕೆ ಜಪಾನಿನ ಊರುಗಳು ಬೇರೆ ಬೇರೆ ದಾರಿ ಹಿಡಿದವು. ಒದಾವಾರಾ ಎಂಬ ಊರಿನ ಹಳೇ ಕೋಟೆಯೊಳಗೆ ಒಂದು ಪುಟ್ಟ ಮೃಗಾಲಯವಿತ್ತು. 1950ರಲ್ಲಿ ಥಾಯ್ಲೆಂಡಿನಿಂದ ಉಮೆಕೊ ಎಂಬ ಆನೆಮರಿ ಅಲ್ಲಿಗೆ ಬಂದಿತ್ತು. ಕೋಟೆ ಐತಿಹಾಸಿಕ ಜಾಗ, ಅಲ್ಲಿ ಮೃಗಾಲಯ ಇರಬಾರದು ಅಂತ ತೀರ್ಮಾನವಾಯಿತು. ಆದರೆ ಪ್ರಾಣಿಗಳನ್ನು ಎಬ್ಬಿಸಿ ಓಡಿಸಲಿಲ್ಲ. ಹೊಸದಾಗಿ ತರುವುದನ್ನು ನಿಲ್ಲಿಸಿದರು, ಇರುವುದನ್ನು ಕೊನೆವರೆಗೆ ಸಾಕಿದರು. ಉಮೆಕೊ 2009ರಲ್ಲಿ ಆ ಕೋಟೆಯಲ್ಲೇ ಕಣ್ಣು ಮುಚ್ಚಿದಳು. ನಿಧಾನದ ದಾರಿ ಇದು, ಖರ್ಚೂ ಜಾಸ್ತಿ. ಮುಚ್ಚಲೇಬೇಕು ಅಂತಿದ್ದರೆ ಹೀಗೆ ಮುಚ್ಚುವುದೇ ಸರಿ ಅಂತ ನನಗನಿಸುತ್ತದೆ.

ಇತೋಜು ಬೇರೆ ದಾರಿ ಹಿಡಿಯಿತು. ಮುಚ್ಚುವ ಸುದ್ದಿ ಬಂದ ಕೂಡಲೇ ಊರಿನವರು ಸಹಿ ಸಂಗ್ರಹಕ್ಕೆ ಇಳಿದರು. ಸುಮಾರು 2 ಲಕ್ಷ 60 ಸಾವಿರ ಸಹಿ ಬಿದ್ದವು. ಆಗ ಊರಿನ ಜನಸಂಖ್ಯೆಯೇ 10 ಲಕ್ಷದ ಆಸುಪಾಸು. ಬೇಸಿಗೆ ಶಾಲೆಯ ಮರದ ಕೆಳಗೆ ಕೂತು ಕಥೆ ಕೇಳಿದ್ದ ಎಷ್ಟೋ ತಲೆಮಾರಿನ ಮಕ್ಕಳು ಆ ಹೊತ್ತಿಗೆ ದೊಡ್ಡವರಾಗಿದ್ದರು. ಒಂದು ಪಾರ್ಕು ಬರೀ ಆಟದ ಯಂತ್ರ ಇಟ್ಟುಕೊಂಡು ಇದ್ದಿದ್ದರೆ ಇಷ್ಟು ಜನ ನಿಲ್ಲುತ್ತಿದ್ದರಾ? ಇಲ್ಲ ಅಂತಲೇ ನನ್ನ ನಂಬಿಕೆ. ಇದೇ ಕಂಪನಿ ಫುಕುಓಕಾದ ಕಾಶಿಇ ಎಂಬಲ್ಲಿ ನಡೆಸುತ್ತಿದ್ದ ಅಮ್ಯೂಸ್‌ಮೆಂಟ್ ಪಾರ್ಕು 2021ರ ಡಿಸೆಂಬರಿನಲ್ಲಿ ಮುಚ್ಚಿತು. ಅದನ್ನು ಬೇರೆಯವರು ಕೈಗೆತ್ತಿಕೊಂಡು ನಡೆಸಲಿಲ್ಲ.

ನಗರಾಡಳಿತ ಇತೋಜುವನ್ನು ತನ್ನ ಕೈಗೆ ತೆಗೆದುಕೊಂಡಿತು. 2002ರ ಏಪ್ರಿಲ್‌ನಲ್ಲಿ ಅದು ಮತ್ತೆ ತೆರೆಯಿತು. ಹೆಸರು ಬದಲಾಗಿತ್ತು. ‘ಆಟದ ತೋಟ’ ಹೋಗಿ ‘ಇತೋಜು ಕಾಡಿನ ಉದ್ಯಾನ’ವಾಯಿತು. ಹಳೇ ಪಾರ್ಕಿನ ನಿರ್ದೇಶಕರಾಗಿದ್ದ ಇವಾನೊ ತೊಶಿರೊ ಅವರೇ ಹೊಸದನ್ನೂ ನಡೆಸಿದರು. ಪ್ರಾಣಿಗಳ ಮೇವಿನ ಖರ್ಚಿಗೆ ಊರಿನವರು ಹಣ ಕೊಡುವ ಸದಸ್ಯತ್ವ ಶುರುವಾಯಿತು. ಬೇಸಿಗೆ ಶಾಲೆಯೂ ಮುಂದುವರಿಯಿತು.

ಇಲ್ಲಿಗೆ ಸುಖಾಂತ್ಯ ಅಂತ ಬರೆದು ಮುಗಿಸಬಹುದಿತ್ತು. ಆದರೆ ಕಷ್ಟ ತಪ್ಪಿಲ್ಲ, ಕಂಪನಿಯಿಂದ ನಗರದ ಹೆಗಲಿಗೆ ಬಂದಿದೆ. ಜಪಾನಿನ ದೊಡ್ಡ ನಗರಗಳಲ್ಲಿ ವಯಸ್ಸಾದವರ ಪಾಲು ಅತಿ ಜಾಸ್ತಿ ಇರುವ ಊರು ಕಿತಾಕ್ಯೂಶೂ. ತೆರಿಗೆ ಕಟ್ಟುವವರು ಕಡಿಮೆಯಾಗುತ್ತಿದ್ದಾರೆ, ಆಸ್ಪತ್ರೆ ಬೇಕಾದವರು ಹೆಚ್ಚುತ್ತಿದ್ದಾರೆ. ಮುಂದೊಂದು ದಿನ ಬಜೆಟ್ ಮೇಜಿನ ಮೇಲೆ ಆನೆಯ ಮೇವೂ ಮುದುಕರ ಔಷಧಿಯೂ ಅಕ್ಕಪಕ್ಕ ಕೂತರೆ ಯಾವುದು ಗೆಲ್ಲುತ್ತದೆ? ಜನರ ಪ್ರೀತಿ ಇತೋಜುವನ್ನು ಒಮ್ಮೆ ಉಳಿಸಿತು. ಪ್ರೀತಿಗೆ ಪ್ರತಿ ವರ್ಷ ಬಜೆಟ್ ಪಾಸ್ ಮಾಡಿಸುವ ಶಕ್ತಿ ಇರುವುದಿಲ್ಲ. ನಮ್ಮಲ್ಲಿ 1992ರಿಂದ ಕೇಂದ್ರ ಮೃಗಾಲಯ ಪ್ರಾಧಿಕಾರ ಇದೆ. ಅದರ ಮಾನ್ಯತೆ ಇಲ್ಲದೆ ಮೃಗಾಲಯ ನಡೆಸುವಂತಿಲ್ಲ. ಜಪಾನಿನಲ್ಲಿ ಮೃಗಾಲಯಕ್ಕೆಂದೇ ಮಾಡಿದ ಇಂಥ ಒಂದು ಕಾನೂನು ಇಲ್ಲ. ಮ್ಯೂಸಿಯಂ ಕಾನೂನು, ಪಾರ್ಕುಗಳ ಕಾನೂನು, ಪ್ರಾಣಿ ಸಾಕಣೆಯ ಕಾನೂನು ಒಂದೊಂದು ಕಡೆಯಿಂದ ಅದನ್ನು ಮುಟ್ಟುತ್ತವೆ ಅಷ್ಟೇ.

ಈಗ ಮತ್ತೆ ನಮ್ಮ ಆನೆಗಳ ಹತ್ತಿರ ಬರುತ್ತೇನೆ. ಅಳಿವಿನ ಅಂಚಿನ ಪ್ರಾಣಿ, ಸಸ್ಯಗಳನ್ನು ದೇಶದಿಂದ ದೇಶಕ್ಕೆ ಮಾರುವುದನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿ ಏಷ್ಯಾದ ಆನೆ ಇದೆ. ವ್ಯಾಪಾರಕ್ಕೆ ತರುವಂತಿಲ್ಲ. 1950ರ ದಶಕದಲ್ಲಿ ಜಪಾನಿಗೆ ಬಂದ ಆನೆಗಳೆಲ್ಲ ಒಂದೊಂದಾಗಿ ಸಾಯುತ್ತಿವೆ, ಆ ಜಾಗಗಳು ಖಾಲಿ ಬೀಳುತ್ತಿವೆ. ಅದಕ್ಕೇ ಪ್ರಾಣಿ ವಿನಿಮಯದ ಮೂಲಕ ಈಗ ಗುಂಪಾಗಿ ಆನೆ ತರಿಸುತ್ತಿದ್ದಾರೆ. ಗುಂಪಾಗಿ ಹೋಗಿದ್ದು ಒಳ್ಳೆಯದೇ ಆಯಿತು. 1949ರಲ್ಲಿ ಥಾಯ್ಲೆಂಡಿನಿಂದ ಬಂದ ಹನಾಕೊ ಎಂಬ ಆನೆ ಟೋಕಿಯೊದ ಇನೊಕಾಶಿರಾ ಪಾರ್ಕಿನಲ್ಲಿ 1954ರಿಂದ 2016ರವರೆಗೆ ಇದ್ದಳು. ತನ್ನ ಜಾತಿಯ ಜೊತೆ ಇಲ್ಲದೆ ಸಿಮೆಂಟ್ ನೆಲದ ಮೇಲೆ ದಶಕಗಳನ್ನು ಕಳೆದು 69ನೇ ವಯಸ್ಸಿಗೆ ಸತ್ತಳು. ನಮ್ಮ ನಾಲ್ಕು ಆನೆಗಳು ಹಿಮೇಜಿಗೆ ಹೋಗುವ ಮುಂಚೆ ಅಲ್ಲಿನ ಪಾಲಕರು ಬನ್ನೇರುಘಟ್ಟಕ್ಕೆ ಬಂದು ನಮ್ಮವರ ಜೊತೆ ಕೆಲಸ ಕಲಿತರು. ನಮ್ಮವರೂ ಆನೆಗಳ ಜೊತೆ ಅಲ್ಲಿಗೆ ಹೋಗಿ ಕೆಲವು ದಿನ ಇದ್ದರು. ಉಎನೊದಲ್ಲಿ ಇಂದಿರಾ ಮುಂದೆ ನಡೆದ ಪಾಠವೇ 76 ವರ್ಷದ ಮೇಲೆ ಮತ್ತೆ ನಡೆಯಿತು.

ಇದೆಲ್ಲ ಸಮಾಧಾನ ತರುವ ಸಂಗತಿ. ಆದರೂ ಆನೆ ಕಳಿಸುವ ಪ್ರತಿ ಒಪ್ಪಂದದಲ್ಲಿ ಒಂದು ಸಾಲು ಇರಲೇಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಆ ಪಾರ್ಕು ಮುಚ್ಚಿದರೆ ಆನೆಗಳು ಎಲ್ಲಿಗೆ, ಯಾರ ಖರ್ಚಿನಲ್ಲಿ, ಒಟ್ಟಿಗೋ ಬೇರೆ ಬೇರೆಯೋ? ಇದನ್ನು ಕೇಳುವುದು ಅವಮಾನ ಮಾಡಿದಂತಲ್ಲ. ಮದುವೆ ಮಾಡಿ ಕಳಿಸಿದ ಮಗಳ ಬಗ್ಗೆ ತವರಿನವರು ಕೇಳುವುದಿಲ್ಲವೇ? ಹಾಗೆ.

ಇತೋಜು ಕಂಪನಿಯ ಕೈಯಲ್ಲಿ ನಡೆದದ್ದು 68 ವರ್ಷ. ಹನ್‌ಶಿನ್ ಪಾರ್ಕ್ 1929ರಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ನಿಂತು, ಮತ್ತೆ ತೆರೆದು, 74ನೇ ವರ್ಷಕ್ಕೆ ಮುಚ್ಚಿತು. ಹಿಮೇಜಿ ಸೆಂಟ್ರಲ್ ಪಾರ್ಕ್ ಶುರುವಾದದ್ದು 1984ರಲ್ಲಿ. ತುಳಸಿ ಹನಾಕೊಳಷ್ಟೇ ಕಾಲ ಬದುಕಿದರೆ 2089ರವರೆಗೆ ಇರುತ್ತಾಳೆ. ಅಷ್ಟು ಹೊತ್ತಿಗೆ ಆ ಪಾರ್ಕಿಗೆ 105 ವರ್ಷ ಆಗಿರಬೇಕು.